ಊರಿನ ಕ್ಯಾನ್ಸರ್ ಪಟ್ಟಿಯನ್ನು ಊರಿನವರೇ ಮಾಡುವುದು ಹೇಗೆ?

ಪ್ರಶ್ನೆ: ನಿವೃತ್ತ ಗಣಿತ ಮೇಷ್ಟ್ರು

ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ 31 ವರ್ಷ ಗಣಿತ ಪಾಠ ಮಾಡಿ ನಿವೃತ್ತನಾದವನು. ಬಯಲುಸೀಮೆಯ ನಮ್ಮ ಹಳ್ಳಿಯಲ್ಲಿ ಸುಮಾರು 2,100 ಜನರಿದ್ದಾರೆ. ಕಳೆದ ಶ್ರಾವಣದಲ್ಲಿ ಒಂದೇ ಬೀದಿಯ ಇಬ್ಬರು ಹದಿನೈದು ದಿನಗಳ ಅಂತರದಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ತಿಥಿಯೂಟಕ್ಕೆ ಕುಳಿತ ಪಂಕ್ತಿಯಲ್ಲೇ ‘ಇದು ಎಷ್ಟನೆಯದು’ ಎಂಬ ಮಾತು ಹುಟ್ಟಿತು. ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ಕೈದು ಮಂದಿ ಸೇರಿ, ನೆನಪಿದ್ದವರನ್ನು ಕೇಳಿ, 2018ರಿಂದ 2023ರ ವರೆಗಿನ ಆರು ವರ್ಷಗಳಲ್ಲಿ ರೋಗ ಪತ್ತೆಯಾದ ಹದಿನಾಲ್ಕು ಹೆಸರುಗಳ ಪಟ್ಟಿ ಮಾಡಿದ್ದಾರೆ. ಬಾಯಿ ಮತ್ತು ಗಂಟಲು 5, ಸ್ತನ 3, ಗರ್ಭಕಂಠ 2; ಹೊಟ್ಟೆ, ಶ್ವಾಸಕೋಶ, ಯಕೃತ್ತು, ರಕ್ತ ತಲಾ ಒಂದು.

ನಮ್ಮ ಕೆರೆಯ ಮೇಲ್ಭಾಗದಲ್ಲಿ ಇಪ್ಪತ್ತು ವರ್ಷಗಳಿಂದ ಕೆಲವು ಸಣ್ಣ ಕಾರ್ಖಾನೆಗಳಿವೆ. ಮಳೆಗಾಲದಲ್ಲಿ ಅಲ್ಲಿಂದ ಬರುವ ಹಳ್ಳದ ನೀರಿಗೆ ಬಣ್ಣವೂ ಇರುತ್ತದೆ, ನೊರೆಯೂ ಇರುತ್ತದೆ. ಕೆರೆಯಂಗಳದ ಹತ್ತಿರದ ಕೊಳವೆಬಾವಿಯಿಂದಲೇ ಊರಿನ ಒಂದು ಭಾಗಕ್ಕೆ ಕುಡಿಯುವ ನೀರು ಹೋಗುತ್ತದೆ. ‘ಕಾರ್ಖಾನೆಯ ವಿಷದಿಂದ ಹದಿನಾಲ್ಕು ಜನರಿಗೆ ಕ್ಯಾನ್ಸರ್’ ಎಂದು ಬರೆದು ಜಿಲ್ಲಾಧಿಕಾರಿಗಳಿಗೆ ಮನವಿ ಕೊಡಬೇಕೆಂದು ಹುಡುಗರು ಹೊರಟಿದ್ದಾರೆ. ಪ್ರಮಾಣ ಕಾಣದೆ ಪ್ರಮೇಯ ಬರೆಯುವವನಲ್ಲ ನಾನು, ಆದ್ದರಿಂದ ಸ್ವಲ್ಪ ತಡೆದಿದ್ದೇನೆ. ಆದರೆ ನನ್ನ ತಡೆಯುವಿಕೆಯೇ ತಪ್ಪಾದರೆ ಎಂಬ ಅಳುಕೂ ಇದೆ.

ಹದಿನಾಲ್ಕು ಎಂಬುದು ಹೆಚ್ಚೇ, ಸಹಜವೇ ಎಂದು ತಿಳಿಯುವುದು ಹೇಗೆ? ವೈದ್ಯರಲ್ಲದ ನಾವು ಮಾಡುವ ಸಮೀಕ್ಷೆಗೆ ಬೆಲೆ ಇರುತ್ತದೆಯೇ? ಇರಬೇಕಾದರೆ ಅದನ್ನು ಯಾವ ಕ್ರಮದಲ್ಲಿ ಮಾಡಬೇಕು? ತಿಳಿದವರು ದಯವಿಟ್ಟು ಬರೆಯಬೇಕು.

ಉತ್ತರ 1: ಸಮುದಾಯ ವೈದ್ಯಶಾಸ್ತ್ರ

ಮೇಷ್ಟ್ರೇ, ವೈದ್ಯಕೀಯ ಕಾಲೇಜಿನಲ್ಲಿ ಸಮುದಾಯ ವೈದ್ಯಶಾಸ್ತ್ರ ಕಲಿಸುವವನಾಗಿ ಇದನ್ನು ಬರೆಯುತ್ತಿದ್ದೇನೆ. ತಾವು ಗಣಿತದವರಾದ್ದರಿಂದ ಲೆಕ್ಕದಿಂದಲೇ ಆರಂಭಿಸುತ್ತೇನೆ.

ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಹೊಸದಾಗಿ ಪತ್ತೆಯಾದ ಕ್ಯಾನ್ಸರ್‌ಗಳು ಸುಮಾರು 14.6 ಲಕ್ಷ, ಎಂದರೆ ಒಂದು ಲಕ್ಷ ಜನರಿಗೆ ವರ್ಷಕ್ಕೆ ಸುಮಾರು ನೂರು. ತಮ್ಮ ಊರಿನ 2,100 ಜನರನ್ನು ಆರು ವರ್ಷಗಳಿಂದ ಗುಣಿಸಿದರೆ 12,600 ವ್ಯಕ್ತಿ-ವರ್ಷಗಳಾಗುತ್ತವೆ. ರಾಷ್ಟ್ರೀಯ ದರದಂತೆ ಅಷ್ಟು ಜನರಲ್ಲಿ 12.6 ಹೊಸ ರೋಗಿಗಳನ್ನು ನಿರೀಕ್ಷಿಸಬೇಕು. ಹಾಗೆ ನೋಡಿದರೆ ತಮ್ಮ ಹದಿನಾಲ್ಕು ಏನೇನೂ ವಿಶೇಷವಲ್ಲ.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ನೋಂದಣಿಯಾಗುವ ದರ ನಗರದಲ್ಲಿ ಹೆಚ್ಚು, ಹಳ್ಳಿಯಲ್ಲಿ ಕಡಿಮೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ನಡೆಸುವ ನೋಂದಣಿ 1982ರಿಂದ ಇದೆ. ಮುಂಬಯಿ, ಚೆನ್ನೈಗಳ ಜೊತೆಗೆ ರಾಷ್ಟ್ರೀಯ ಕಾರ್ಯಕ್ರಮದ ಮೊದಲ ಮೂರರಲ್ಲಿ ಅದೂ ಒಂದು. ಗ್ರಾಮೀಣ ನೋಂದಣಿಗೆ ಮೊದಲ ಮಾದರಿ ನಮ್ಮ ನೆರೆಯ ಸೋಲಾಪುರ ಜಿಲ್ಲೆಯ ಬಾರ್ಶಿಯದು. 1987ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಆರಂಭಿಸಿದ ಆ ನೋಂದಣಿಯಲ್ಲಿ, ರೋಗಿ ಆಸ್ಪತ್ರೆಗೆ ಬರಲೆಂದು ಕಾಯದೆ ಸಿಬ್ಬಂದಿಯೇ ಹಳ್ಳಿಹಳ್ಳಿಗೆ ಹೋಗಿ, ಶಿಕ್ಷಕರನ್ನೂ ಹಿರಿಯರನ್ನೂ ಮಾತಾಡಿಸಿ, ಲಕ್ಷಣವಿದ್ದವರನ್ನು ಪರೀಕ್ಷೆಗೆ ಕರೆತರುವ ಪದ್ಧತಿ ಬೆಳೆಯಿತು. ಹಾಗೆ ಹುಡುಕಿಯೂ ಅಲ್ಲಿ ಕಂಡದ್ದು ನಗರದ ದರದ ಅರ್ಧದ ಆಸುಪಾಸು. ಆ ಅಳತೆಗೋಲನ್ನು ಹಿಡಿದರೆ ತಮ್ಮ ಊರಿನ ನಿರೀಕ್ಷಿತ ಸಂಖ್ಯೆ ಆರೇಳಕ್ಕೆ ಇಳಿಯುತ್ತದೆ, ಆಗ ಹದಿನಾಲ್ಕು ಎರಡು ಪಟ್ಟಿಗಿಂತ ಹೆಚ್ಚಾಗಿ ಕಾಣುತ್ತದೆ. ಅಂದರೆ ‘ಹೆಚ್ಚೇ?’ ಎಂಬ ಪ್ರಶ್ನೆಗೆ ಉತ್ತರ ತಾವು ಯಾವ ಊರಿನೊಂದಿಗೆ ಹೋಲಿಸುತ್ತೀರಿ ಎಂಬುದರ ಮೇಲೆ ನಿಂತಿದೆ.

ಇನ್ನೊಂದು ಮಾತು ತಮಗೆ ಬೇಗ ಹಿಡಿಸೀತು. ನಿರೀಕ್ಷಿತ ಸಂಖ್ಯೆ 6.3 ಎಂದಿಟ್ಟುಕೊಂಡು ವಿರಳ ಘಟನೆಗಳ ಸಂಭವವನ್ನು ಲೆಕ್ಕ ಹಾಕುವ ಪ್ವಾಸಾನ್ ಸೂತ್ರ ಹಾಕಿ ನೋಡಿ; ಕೇವಲ ಆಕಸ್ಮಿಕವಾಗಿ ಹದಿನಾಲ್ಕು ಅಥವಾ ಹೆಚ್ಚು ಬರುವ ಸಂಭವ ಸುಮಾರು 180ರಲ್ಲಿ ಒಂದು. ಒಂದು ಊರಿನ ಮಟ್ಟಿಗೆ ಅದು ಬಹಳ ಅಪರೂಪವೆನಿಸುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜನವಸತಿಯ ಹಳ್ಳಿಗಳೇ 27,000ಕ್ಕಿಂತ ಹೆಚ್ಚು. ಎಲ್ಲವೂ ತಮ್ಮ ಊರಿನ ಗಾತ್ರದವೆಂದು ಭಾವಿಸಿದರೆ, ಯಾವ ವಿಷವೂ ಇಲ್ಲದೆ ಸುಮಾರು 150 ಹಳ್ಳಿಗಳಲ್ಲಿ ಇಂಥ ಪಟ್ಟಿ ತಾನಾಗಿಯೇ ಹುಟ್ಟುತ್ತದೆ. ಆ 150 ಹಳ್ಳಿಗಳವರೇ ಪತ್ರ ಬರೆಯುತ್ತಾರೆ, ಉಳಿದವರು ಸುಮ್ಮನಿರುತ್ತಾರೆ. ತಮ್ಮದು ಆ 150ರಲ್ಲಿ ಒಂದೋ, ನಿಜವಾದ ಕಾರಣವಿರುವ ಊರೋ ಎಂಬುದನ್ನು ಸಂಖ್ಯೆಯೊಂದೇ ಹೇಳಲಾರದು. ಅಮೆರಿಕದಲ್ಲಿ ಎರಡು ದಶಕಗಳ ಅವಧಿಯ 428 ತನಿಖೆಗಳನ್ನು ಒಟ್ಟಿಗೆ ಪರಿಶೀಲಿಸಿದ ಲೇಖನವೊಂದು 2012ರಲ್ಲಿ ಪ್ರಕಟವಾಯಿತು. ಆ ತನಿಖೆಗಳಲ್ಲಿ ನೋಡಿದ ಕ್ಯಾನ್ಸರ್ ವರ್ಗಗಳು 567, ಹೆಚ್ಚಳ ದೃಢಪಟ್ಟದ್ದು 72ರಲ್ಲಿ, ಕಾರಣ ಸ್ಪಷ್ಟವಾಗಿ ಸಿಕ್ಕಿದ್ದು ಒಂದೇ ಒಂದು ತನಿಖೆಯಲ್ಲಿ. ತಮ್ಮನ್ನು ನಿರುತ್ಸಾಹಗೊಳಿಸಲು ಹೇಳುತ್ತಿಲ್ಲ. ಮನವಿ ಕೊಟ್ಟ ಮರುದಿನ ತಮ್ಮೆದುರು ಕುಳಿತುಕೊಳ್ಳುವವರ ಕೈಯಲ್ಲಿ ಈ ಲೇಖನ ಇರುತ್ತದೆ ಎಂಬುದು ತಿಳಿದಿರಲಿ.

ಹೀಗಾಗಿ ಪಟ್ಟಿಯನ್ನು ಬಿಡಿಸಿ ನೋಡಬೇಕು. ಕ್ಯಾನ್ಸರ್ ಎಂಬುದು ಒಂದು ರೋಗವಲ್ಲ. ಬಾಯಿ ಮತ್ತು ಗಂಟಲಿನ ಐದು ಮಂದಿಯಲ್ಲಿ ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ಬೀಡಿ ಯಾರಿಗಿತ್ತು? ತಂಬಾಕಿಲ್ಲದ ಅಡಿಕೆಯೇ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಷ್ಟು ಹಿಂದೆಯೇ ಹೇಳಿದೆ. ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಸ್ ಕಾರಣ, ಅದನ್ನು ಹಳ್ಳದ ನೀರಿನ ಲೆಕ್ಕಕ್ಕೆ ಸೇರಿಸಲಾಗದು. ಒಂದೇ ಬಗೆಯ, ಅದರಲ್ಲೂ ಅಪರೂಪದ ಕ್ಯಾನ್ಸರ್ ಒಂದೇ ಕಡೆ ಗುಂಪಾಗಿ ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ತುರ್ಕಿಯ ಕಪ್ಪಡೋಕಿಯಾ ಪ್ರದೇಶದ ಕರಾಯಿನ್ ಎಂಬ ಹಳ್ಳಿಯಲ್ಲಿ ಎದೆಗೂಡಿನ ಒಳಪೊರೆಗೆ ಬರುವ ಮೀಸೋಥೀಲಿಯೋಮ ಎಂಬ ವಿರಳ ಕ್ಯಾನ್ಸರ್ ಮನೆಮನೆಯಲ್ಲೂ ಕಂಡುಬಂದಾಗ ವೈದ್ಯರಿಗೆ ಸಂಶಯ ಬರಲು ಸಂಖ್ಯಾಶಾಸ್ತ್ರ ಬೇಕಾಗಲಿಲ್ಲ. ಮನೆ ಕಟ್ಟಿದ ಕಲ್ಲಿನಲ್ಲೇ ಇದ್ದ ಎರಿಯೊನೈಟ್ ಎಂಬ ನಾರಿನಂಥ ಖನಿಜ ಅದರ ಕಾರಣವಾಗಿತ್ತು.

ಪ್ರತಿಯೊಬ್ಬರ ವಯಸ್ಸು ಬೇಕು, ಊರಿನ ಎಲ್ಲರ ವಯಸ್ಸಿನ ಹಂಚಿಕೆಯೂ ಬೇಕು. ಯುವಕರೆಲ್ಲ ಬೆಂಗಳೂರು ಸೇರಿ ಊರಿನಲ್ಲಿ ಹಿರಿಯರೇ ಉಳಿದಿದ್ದರೆ ದರ ತಾನಾಗಿ ಏರುತ್ತದೆ. ಬಾಯಿಮಾತಿನ ‘ಗೆಡ್ಡೆ’ಯನ್ನು ನಂಬಬೇಡಿ, ಬಯಾಪ್ಸಿ ವರದಿ ನೋಡಿ. ಯಾವಾಗ ಪತ್ತೆಯಾಯಿತು ಎಂಬುದರಷ್ಟೇ, ಆ ವ್ಯಕ್ತಿ ಈ ಊರಿನಲ್ಲಿ ಎಂದಿನಿಂದ ಇದ್ದಾರೆ ಎಂಬುದೂ ಮುಖ್ಯ. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಮದುವೆಯಾಗಿ ಬಂದವರು. ಗಡ್ಡೆಯಾಗಿ ಬೆಳೆಯುವ ಬಹುತೇಕ ಕ್ಯಾನ್ಸರ್‌ಗಳಿಗೆ ಹತ್ತರಿಂದ ಮೂವತ್ತು ವರ್ಷಗಳ ಹಿನ್ನೆಲೆ ಇರುತ್ತದೆ. ನಾಲ್ಕು ವರ್ಷದ ಹಿಂದೆ ಸೊಸೆಯಾಗಿ ಬಂದವರ ಸ್ತನ ಕ್ಯಾನ್ಸರಿಗೆ ತಮ್ಮ ಕೆರೆಗಿಂತ ಅವರ ತವರೂರಿನ ಬಾವಿಯನ್ನು ಕೇಳುವುದು ನ್ಯಾಯ. ಹಾಗೆಯೇ ಈ ಊರಿನಲ್ಲಿ ಹುಟ್ಟಿ ಬೆಳೆದು ಬೇರೆ ಕಡೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ತಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಆಸ್ಪತ್ರೆಯ ದಾಖಲೆಗಳಿಂದ ಇದನ್ನು ಯಾರೂ ಕಂಡುಹಿಡಿಯಲಾರರು, ಊರಿನವರು ಮಾತ್ರ ಹೇಳಬಲ್ಲರು. ಸಮೀಕ್ಷೆಗೆ ಬೆಲೆ ಇದೆಯೇ ಎಂದು ಕೇಳಿದಿರಲ್ಲ, ಬೆಲೆ ಇರುವುದು ಇಂಥ ಕಡೆ.

ಉತ್ತರ 2: ಗಡಿನಾಡ ಕನ್ನಡಿಗ

ಮಾಸ್ತರರೇ, ಮೇಲಿನ ಡಾಕ್ಟರರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೂ ಕಾಸರಗೋಡಿನ ಕಡೆಯವನಾದ ನನಗೆ ಆ ಧಾಟಿಯನ್ನು ಕೇಳಿದರೆ ಸ್ವಲ್ಪ ಕಸಿವಿಸಿಯಾಗುತ್ತದೆ. ‘ಸಂಖ್ಯೆ ಸಾಲದು, ಪುರಾವೆ ಸಾಲದು’ ಎಂಬ ಮಾತನ್ನು ನಾವು ಇಪ್ಪತ್ತು ವರ್ಷ ಕೇಳಿದ್ದೇವೆ.

ಎಣ್ಮಕಜೆ ಪಂಚಾಯತಿಯ ಪಡ್ರೆ, ಸ್ವರ್ಗ, ವಾಣಿನಗರಗಳು ತುಳು, ಕನ್ನಡ ಆಡುವ ಊರುಗಳು. ಗುಡ್ಡದ ಮೇಲೆ ಸರ್ಕಾರಿ ಸ್ವಾಮ್ಯದ ಗೇರು ತೋಟ, ಗುಡ್ಡದಡಿ ಜನವಸತಿ. 1970ರ ದಶಕದ ಕೊನೆಯಿಂದ 2000ದ ವರೆಗೆ ಆ ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದರು. ನಮ್ಮಲ್ಲಿ ಕುಡಿಯುವ ನೀರು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿಂದ, ತೆರೆದ ತೋಡುಗಳಿಂದ ಬರುತ್ತದೆ. ಮೇಲೆ ಬಿದ್ದದ್ದು ಕೆಳಗೆ ಬರಲು ಹೆಚ್ಚು ದಿನ ಬೇಡ. ಪಡ್ರೆಯ ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಅಂಗವೈಕಲ್ಯದ ಕರುಗಳು ಹುಟ್ಟಿದ್ದನ್ನು ಗಮನಿಸಿ 1980ರ ದಶಕದ ಆರಂಭದಲ್ಲೇ ಬರೆದರು. ವಾಣಿನಗರದಲ್ಲಿ ಚಿಕಿತ್ಸಾಲಯ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಅವರು ತಮ್ಮಲ್ಲಿಗೆ ಬರುವವರಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಜನ್ಮಜಾತ ನ್ಯೂನತೆ, ಕ್ಯಾನ್ಸರ್ ಇವೆಲ್ಲ ಅಷ್ಟು ಸಣ್ಣ ಜಾಗಕ್ಕೆ ಅತಿಯಾಯಿತೆಂದು ಕಂಡು, ಮನೆಮನೆಯ ವಿವರವನ್ನು ಬರೆದಿಡತೊಡಗಿದರು. ದಕ್ಷಿಣಕ್ಕೆ ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ ನ್ಯಾಯಾಲಯಕ್ಕೆ ಹೋಗಿ 2000ದಲ್ಲಿ ಸಿಂಪಡಣೆಗೆ ತಡೆ ತಂದರು. ಒಬ್ಬ ಪತ್ರಕರ್ತ, ಒಬ್ಬ ಹಳ್ಳಿ ವೈದ್ಯ, ಒಬ್ಬ ಗೃಹಿಣಿಯೂ ನೌಕರಳೂ ಆದ ಹೆಂಗಸು, ಇವರಲ್ಲಿ ಯಾರೂ ಸಂಶೋಧನಾ ಸಂಸ್ಥೆಯವರಲ್ಲ.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದದ್ದು 2001ರಲ್ಲಿ, ಸಿಂಪಡಣೆ ನಿಂತ ಮೇಲೆ. ಅವರು ಮಾಡಿದ್ದನ್ನು ತಾವು ಗಮನಿಸಬೇಕು. ಗೇರು ಗುಡ್ಡದ ಬುಡದ ಊರಿನ 10ರಿಂದ 19 ವರ್ಷದ 117 ಹುಡುಗರನ್ನೂ, ಅಂಥ ಸಿಂಪಡಣೆ ಕಾಣದ ಇನ್ನೊಂದು ಊರಿನ 90 ಹುಡುಗರನ್ನೂ ಪರೀಕ್ಷಿಸಿದರು. ರಕ್ತದಲ್ಲಿ ಎಂಡೋಸಲ್ಫಾನಿನ ಸರಾಸರಿ ಮೊದಲ ಗುಂಪಿನಲ್ಲಿ ಶತಕೋಟಿಗೆ 7.47 ಭಾಗ, ಎರಡನೆಯದರಲ್ಲಿ 1.37. ಗುಡ್ಡದ ಬುಡದ ಹುಡುಗರಲ್ಲಿ ಪ್ರಾಯಕ್ಕೆ ಬರುವುದೇ ತಡವಾಗಿತ್ತು. 2003ರಲ್ಲಿ ಇದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಧಾನದ ಬಗ್ಗೆ ತಕರಾರುಗಳು ಬಂದವು, ಈಗಲೂ ಬರುತ್ತವೆ. ಆದರೆ ಎರಡು ಊರುಗಳನ್ನು ಎದುರುಬದುರಾಗಿ ಇಟ್ಟು ಅಳೆದ ಲೆಕ್ಕವನ್ನು ಪಕ್ಕಕ್ಕೆ ತಳ್ಳುವುದು ಯಾರಿಗೂ ಸುಲಭವಾಗಲಿಲ್ಲ. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ತಡೆ ವಿಧಿಸಿತು. ಇದೇ ಕತೆ ಗಡಿಯ ಈಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಕಡೆಯೂ ನಡೆಯಿತೆಂಬುದು ಕರ್ನಾಟಕದವರಿಗೆ ಗೊತ್ತೇ ಇದೆ.

ಈಗ ನನ್ನ ಮುಖ್ಯ ಮಾತು. ಪಡ್ರೆ ಊರಿನವರು ‘ಕ್ಯಾನ್ಸರ್’ ಎಂಬ ಒಂದೇ ಮಾತನ್ನು ಹಿಡಿದು ಕುಳಿತಿದ್ದರೆ ಸೋಲುತ್ತಿದ್ದರು. ಎಂಡೋಸಲ್ಫಾನ್ ನರಮಂಡಲಕ್ಕೆ ವಿಷ, ಹಾರ್ಮೋನುಗಳನ್ನು ಕೆಡಿಸುವಂಥದ್ದು. ಕ್ಯಾನ್ಸರ್‌ಕಾರಕಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಊರಿನವರು ಕಂಡದ್ದನ್ನೆಲ್ಲ, ಕರುವಿನಿಂದ ಹಿಡಿದು ಜೇನುನೊಣದ ವರೆಗೆ, ಬರೆದಿಟ್ಟದ್ದರಿಂದ ಬಲವಾದ ಪುರಾವೆ ತಾನಿದ್ದಲ್ಲಿಂದ ಹೊರಬಂತು. ತಮ್ಮ ಊರಿನಲ್ಲಿಯೂ ಗರ್ಭಪಾತ, ಚರ್ಮರೋಗ, ಮಕ್ಕಳ ಬೆಳವಣಿಗೆ, ದನಗಳ ಗೊಡ್ಡುತನ ಇವನ್ನೂ ಕೇಳಿ. ಕ್ಯಾನ್ಸರ್ ಬರಲು ಇಪ್ಪತ್ತು ವರ್ಷ ಬೇಕು, ದನ ಕಂದು ಹಾಕಲು (ಗರ್ಭ ಕಳೆದುಕೊಳ್ಳಲು) ಒಂದು ಬೇಸಿಗೆ ಸಾಕು. ಹುಡುಗರನ್ನು ತಡೆಯಬೇಡಿ. ಅವರ ಮನವಿಯ ತಲೆಬರಹವನ್ನು ಮಾತ್ರ ತಡೆಯಿರಿ.

ಉತ್ತರ 3: ನಿವೃತ್ತ ಗಣಿತ ಮೇಷ್ಟ್ರು (ಪ್ರಶ್ನೆ ಕೇಳಿದವರು)

ಇಬ್ಬರಿಗೂ ಕೃತಜ್ಞ. ಸೂತ್ರ ಹಾಕಿ ನೋಡಿದೆ, 0.0055 ಬಂತು, ಡಾಕ್ಟರ್ ಹೇಳಿದ್ದು ಸರಿಯಾಗಿದೆ. 27,000 ಹಳ್ಳಿಗಳಿಂದ ಅದನ್ನು ಗುಣಿಸಬೇಕೆಂಬುದು ನನಗೆ ಹೊಳೆದಿರಲಿಲ್ಲ ಎಂಬುದು ನನ್ನ ವೃತ್ತಿಗೆ ಶೋಭೆ ತರುವ ಸಂಗತಿಯಲ್ಲ.

ಒಂದು ಅಡಚಣೆ ಇದೆ. ಮನೆಮನೆಗೆ ಹೋಗಿ ಕೇಳಿದರೆ ಕೆಲವರು ಬಾಗಿಲಲ್ಲೇ ಮಾತು ಮುಗಿಸುತ್ತಾರೆ. ಮದುವೆಗೆ ಬಂದ ಮಗಳಿದ್ದಾಳೆ, ತಾಯಿಗೆ ಸ್ತನ ಕ್ಯಾನ್ಸರ್ ಇತ್ತೆಂದು ಬರೆದುಕೊಳ್ಳಬೇಡಿ ಎಂದು ಒಬ್ಬರು ಕೈಮುಗಿದರು. ಡೇರಿಗೆ ಹಾಲು ಹಾಕುವವರಿಗೆ ಊರಿನ ಹೆಸರು ಕೆಟ್ಟರೆ ಹಾಲು ಯಾರು ಕೊಳ್ಳುತ್ತಾರೆಂಬ ಭಯ. ಇದನ್ನು ಹೇಗೆ ದಾಟುವುದು? ಎರಡನೆಯದಾಗಿ, ನೀರನ್ನು ಕೂಡಲೇ ಪರೀಕ್ಷೆಗೆ ಕಳಿಸಬೇಕೆಂದು ಹುಡುಗರ ಒತ್ತಾಯವಿದೆ. ‘ಎಲ್ಲ ವಿಷಗಳನ್ನೂ ಪರೀಕ್ಷಿಸಿ’ ಎಂದು ಪ್ರಯೋಗಾಲಯವೊಂದನ್ನು ಕೇಳಿದ್ದಕ್ಕೆ ನಮ್ಮ ಚಂದಾ ಹಣದ ಮೂರು ಪಟ್ಟು ದರ ಹೇಳಿದರು.

ಉತ್ತರ 4: ಅಂತರ್ಜಲ

ನಾನು ಭೂವಿಜ್ಞಾನದವನು, ಆದ್ದರಿಂದ ನೀರಿನ ಬಗ್ಗೆ ಮಾತ್ರ ಬರೆಯುತ್ತೇನೆ.

‘ಎಲ್ಲ ವಿಷಗಳನ್ನೂ’ ಎಂಬ ಪರೀಕ್ಷೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಏನನ್ನು ಹುಡುಕುತ್ತೀರೆಂದು ಮೊದಲು ತಿಳಿದಿರಬೇಕು. ಅದಕ್ಕೆ ಕಾರ್ಖಾನೆಗಳು ಏನನ್ನು ಬಳಸುತ್ತವೆ, ಏನನ್ನು ಹೊರಬಿಡಲು ಅನುಮತಿ ಪಡೆದಿವೆ ಎಂಬುದು ಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಸಮ್ಮತಿ ಪತ್ರದಲ್ಲಿ ಅದು ಇರುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ ಮೂವತ್ತು ದಿನಗಳಲ್ಲಿ ಉತ್ತರ ಕೊಡಬೇಕು. ಹತ್ತು ರೂಪಾಯಿಯ ಆ ಅರ್ಜಿ ತಮ್ಮ ಚಂದಾ ಹಣವನ್ನು ಬಹಳಷ್ಟು ಉಳಿಸುತ್ತದೆ. ಲೋಹಗಳೆಂದು ತಿಳಿದರೆ ಲೋಹ, ಕರಗುದ್ರವಗಳೆಂದು (ಸಾಲ್ವೆಂಟ್) ತಿಳಿದರೆ ಅವು.

ಆಮೇಲೆ ಕಾರ್ಖಾನೆಯ ಮೇಲೇ ಕಣ್ಣು ನೆಟ್ಟು ನೆಲವನ್ನು ಮರೆಯಬೇಡಿ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಲಂಬಾಣಿ ಜನರ ಅಂಗೈ ಅಂಗಾಲುಗಳು ಗಂಟುಗಟ್ಟಿ ಒರಟಾಗಿ, ಮೈಮೇಲೆ ಮಳೆಹನಿ ಬಿದ್ದಂಥ ಮಚ್ಚೆಗಳಾಗಿ, ಕೆಲವರಿಗೆ ಚರ್ಮದ ಕ್ಯಾನ್ಸರ್ ಬಂದದ್ದು ಕುಡಿಯುವ ನೀರಿನ ಆರ್ಸೆನಿಕ್‌ನಿಂದ. ಅಲ್ಲಿ ಹತ್ತಿರದ ಕಾರ್ಖಾನೆ ಯಾವುದೂ ಅದನ್ನು ಸುರಿದಿರಲಿಲ್ಲ. ಮಂಗಳೂರು ಎಂಬ ಹೆಸರಿನ ಅಲ್ಲಿಯದೇ ಹಳ್ಳಿಯ ಸುತ್ತಲಿನ, ಹಳೆಯ ಚಿನ್ನದ ಗಣಿಯ ಶಿಲಾಪಟ್ಟಿಯಲ್ಲಿ ಚಿನ್ನದ ಜೊತೆಗಾರನಾಗಿ ಆರ್ಸೆನಿಕ್ ಇದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಪೂರ್ವ ಕರ್ನಾಟಕದ ಹಲವು ಹಳ್ಳಿಗಳ ಆಳವಾದ ಕೊಳವೆಬಾವಿಗಳಲ್ಲಿ ಗ್ರಾನೈಟ್ ಬಂಡೆಯಿಂದಲೇ ಬಂದ ಯುರೇನಿಯಂ ಸಿಕ್ಕಿದೆ. ಅದರ ಮುಖ್ಯ ಪೆಟ್ಟು ಮೂತ್ರಪಿಂಡಕ್ಕೆ. ತಮ್ಮ ಬೋರು ಎಷ್ಟು ಅಡಿ ಆಳವಿದೆ ಎಂಬುದು ಹಳ್ಳದ ನೊರೆಯಷ್ಟೇ ಮುಖ್ಯ ಪ್ರಶ್ನೆ.

ನನ್ನ ಮಟ್ಟಿಗೆ ಜನರೇ ಮಾಡಿದ ತನಿಖೆಗಳಲ್ಲಿ ಕಲಿಯಲು ಹೆಚ್ಚಿರುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೋಬರ್ನ್ ಪಟ್ಟಣದ್ದು. 1972ರಲ್ಲಿ ಮಗನಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದ ಆ್ಯನ್ ಆ್ಯಂಡರ್ಸನ್ ಎಂಬ ತಾಯಿಗೆ, ಅದೇ ರೋಗದ ಇತರ ಮಕ್ಕಳ ತಾಯಂದಿರು ತನ್ನ ಅಕ್ಕಪಕ್ಕದವರೇ ಎಂಬುದು ಆಸ್ಪತ್ರೆಯಲ್ಲೂ ಅಂಗಡಿಯಲ್ಲೂ ಕಾಣತೊಡಗಿತು. ನೀರಿನ ಮೇಲೆ ಆಕೆಗೆ ಗುಮಾನಿ; ಕೇಳಿದವರು ನಕ್ಕರು. 1979ರಲ್ಲಿ ಬಯಲೊಂದರಲ್ಲಿ 184 ಪೀಪಾಯಿ ತ್ಯಾಜ್ಯ ಸಿಕ್ಕಿ, ಹತ್ತಿರವಿದ್ದ ‘ಜಿ’ ಮತ್ತು ‘ಎಚ್’ ಎಂಬ ಪುರಸಭೆಯ ಬಾವಿಗಳನ್ನು ಪರೀಕ್ಷಿಸಿದಾಗ ಟ್ರೈಕ್ಲೋರೋಎಥಿಲೀನ್ ಎಂಬ ಕರಗುದ್ರವ ಶತಕೋಟಿಗೆ 267 ಭಾಗದಷ್ಟು ಕಂಡಿತು. ಎರಡನ್ನೂ ಮುಚ್ಚಿದರು. ಹತ್ತು ವರ್ಷಗಳಲ್ಲಿ 5.3 ಮಕ್ಕಳನ್ನು ನಿರೀಕ್ಷಿಸಬಹುದಾಗಿದ್ದಲ್ಲಿ 12 ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬಂದಿತ್ತೆಂದು 1981ರ ಸರ್ಕಾರಿ ವರದಿ ಒಪ್ಪಿತು, ಕಾರಣವನ್ನು ಮಾತ್ರ ಒಪ್ಪಲಿಲ್ಲ. ಅನುಪಾತ ತಮ್ಮ ಊರಿನದಕ್ಕೆ ಹತ್ತಿರವೇ ಇದೆ. ಆದರೆ ಅಲ್ಲಿ ರೋಗ ಒಂದೇ, ವಯಸ್ಸಿನ ಗುಂಪು ಒಂದೇ.

ಆಮೇಲೆ ಹಾರ್ವರ್ಡಿನ ಸಂಖ್ಯಾಶಾಸ್ತ್ರಜ್ಞರು ಊರಿನ ನೂರಾರು ಸ್ವಯಂಸೇವಕರಿಗೆ ಪ್ರಶ್ನಾವಳಿ ಕಲಿಸಿ ದೂರವಾಣಿಯಲ್ಲಿ 5,000ಕ್ಕೂ ಹೆಚ್ಚು ಮನೆಗಳನ್ನು ಕೇಳಿಸಿದರು. ಊರಿನವರೇ ಕೇಳಿದರೆ ಉತ್ತರ ಒಂದು ಕಡೆಗೆ ವಾಲುವುದಿಲ್ಲವೇ ಎಂಬ ಆಕ್ಷೇಪ ಬಂತು. ಆದರೆ ಯಾವ ಮನೆಗೆ ಯಾವ ತಿಂಗಳು ಆ ಎರಡು ಬಾವಿಗಳ ನೀರು ಎಷ್ಟು ಹೋಗಿತ್ತೆಂಬುದು ಕೇಳಿದವರಿಗೂ ಗೊತ್ತಿರಲಿಲ್ಲ, ಹೇಳಿದವರಿಗೂ ಗೊತ್ತಿರಲಿಲ್ಲ; ಕೊಳವೆ ಜಾಲದ ಲೆಕ್ಕವನ್ನು ಬೇರೆಯೇ ಮಾಡಿದ್ದರು. ರೋಗದ ಪಟ್ಟಿ ಮಾಡುವ ಕೈ ಬೇರೆ, ನೀರಿನ ನಕ್ಷೆ ಬರೆಯುವ ಕೈ ಬೇರೆ ಇದ್ದದ್ದರಿಂದ ಆ ಅಧ್ಯಯನಕ್ಕೆ ಇವತ್ತಿಗೂ ತೂಕವಿದೆ. ತಾಯಿ ಗರ್ಭಿಣಿಯಾಗಿದ್ದಾಗ ಆ ನೀರನ್ನು ಕುಡಿದಿದ್ದುದಕ್ಕೂ ಮಗುವಿನ ರೋಗಕ್ಕೂ ನಂಟು ಕಾಣುತ್ತದೆಂದು ರಾಜ್ಯದ ಆರೋಗ್ಯ ಇಲಾಖೆಯೇ 1990ರ ದಶಕದ ಅಧ್ಯಯನದಲ್ಲಿ ಹೇಳಿತು. ಟ್ರೈಕ್ಲೋರೋಎಥಿಲೀನ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂಬ ಅಂತರರಾಷ್ಟ್ರೀಯ ತೀರ್ಮಾನ ಬಂದದ್ದು 2012ರಲ್ಲಿ. ಬಾವಿ ಮುಚ್ಚಿ ಆಗಲೇ 33 ವರ್ಷವಾಗಿತ್ತು. ಬಾವಿ ಮುಚ್ಚಲು ಆ ತೀರ್ಮಾನಕ್ಕೆ ಯಾರೂ ಕಾಯಲಿಲ್ಲ ಎಂಬುದನ್ನು ಗಮನಿಸಿ.

ಆದ್ದರಿಂದ ಹುಡುಗರನ್ನು ಎರಡು ತಂಡ ಮಾಡಿ. ಒಂದು ತಂಡ ನೀರುಗಂಟಿಯನ್ನು ಹಿಡಿಯಲಿ. ಯಾವ ಬೋರು ಎಂದು ಕೊರೆದದ್ದು, ಯಾವ ವರ್ಷದಿಂದ ಯಾವ ಬೀದಿಗೆ, ಯಾವ ತೊಂಬೆಗೆ ಜೋಡಿಸಿದ್ದು, ಬೇಸಿಗೆಯಲ್ಲಿ ಬತ್ತಿದಾಗ ಎಲ್ಲಿಂದ ತಂದದ್ದು, ಶುದ್ಧ ನೀರಿನ ಘಟಕ ಬಂದದ್ದು ಎಂದು, ಯಾರು ಅಲ್ಲಿಂದ ಕ್ಯಾನ್ ತರುತ್ತಾರೆ, ಯಾರು ತರುವುದಿಲ್ಲ ಎಂಬುದನ್ನೆಲ್ಲ ಬೀದಿವಾರು ಬರೆಯಲಿ. ಈ ತಂಡಕ್ಕೆ ರೋಗಿಗಳ ಹೆಸರು ಗೊತ್ತಾಗಬಾರದು. ಹಳ್ಳಿಯಲ್ಲಿ ಅದು ಪೂರ್ತಿ ಸಾಧ್ಯವಿಲ್ಲ ಎನ್ನುತ್ತೀರಿ, ನಿಜ. ಪಕ್ಕದ ಊರಿನ ಕಾಲೇಜು ವಿದ್ಯಾರ್ಥಿಗಳಿಗೆ ಈ ಕೆಲಸ ವಹಿಸಿ.

ಮಾದರಿ ತೆಗೆಯುವಾಗ ಪೆಪ್ಸಿ ಬಾಟಲಿಯಲ್ಲಿ ಹಿಡಿದು ಬಸ್ಸಿಗೆ ಕೊಟ್ಟರೆ ಹಣ ದಂಡ. ಲೋಹಕ್ಕೆ ಆಮ್ಲ ಹಾಕಿದ ಪ್ಲಾಸ್ಟಿಕ್ ಶೀಷೆ, ಕೀಟನಾಶಕ ಮತ್ತು ಕರಗುದ್ರವಗಳಿಗೆ ಗಾಜಿನ ಶೀಷೆ, ಮೇಲೆ ಗಾಳಿ ಉಳಿಯದಂತೆ ತುಂಬಿ, ಮಂಜುಗಡ್ಡೆಯಲ್ಲಿಟ್ಟು ಕಳಿಸಬೇಕು. ಎನ್‌ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆಯ ಪ್ರಯೋಗಾಲಯದವರೇ ಶೀಷೆ ಕೊಡುತ್ತಾರೆ. ಪಂಚಾಯತಿಯಲ್ಲಿರುವ ಕಿಟ್‌ನಲ್ಲಿ ಫ್ಲೋರೈಡು, ನೈಟ್ರೇಟು ತಿಳಿದೀತು, ತಾವು ಹುಡುಕುವುದು ತಿಳಿಯದು. ಕೆರೆ ಪಕ್ಕದ ಬೋರಿನಿಂದಲೂ, ಕಾರ್ಖಾನೆಗಳಿಗಿಂತ ಮೇಲಿರುವ ಬೋರಿನಿಂದಲೂ, ಮುಂಗಾರಿಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ತೆಗೆಯಿರಿ. ಮೇಲಿನ ಬೋರು ತಮ್ಮ ಹೋಲಿಕೆಯ ಊರು ಇದ್ದಂತೆ.

ಉತ್ತರ 5: ಸಮುದಾಯ ವೈದ್ಯಶಾಸ್ತ್ರ

ಗಡಿನಾಡಿನವರ ಕಸಿವಿಸಿ ನ್ಯಾಯವಾದದ್ದು, ಒಪ್ಪುತ್ತೇನೆ. ಸಂಖ್ಯೆ ಸಾಲದೆಂಬುದು ನೀರನ್ನು ನೋಡದಿರಲು ನೆಪವಾಗಬಾರದು. ಕುಡಿಯುವ ನೀರಿನಲ್ಲಿ ಮಿತಿ ಮೀರಿದ ಆರ್ಸೆನಿಕ್ ಕಂಡರೆ, ಊರಿನಲ್ಲಿ ಒಬ್ಬರಿಗೂ ಕ್ಯಾನ್ಸರ್ ಇಲ್ಲದಿದ್ದರೂ ಆ ಬೋರನ್ನು ಅಂದೇ ನಿಲ್ಲಿಸಬೇಕು.

ಬಾಗಿಲಲ್ಲಿ ಮಾತು ಮುಗಿಸುವವರ ವಿಷಯ. ಅವರ ಮಾತನ್ನು ಅಡಚಣೆಯೆಂದು ಎಣಿಸದೆ ಅವರ ಹಕ್ಕೆಂದು ಎಣಿಸಿ. ಹೆಸರುಗಳ ಬದಲು ಸಂಖ್ಯೆ ಕೊಡಿ. ಹೆಸರಿಗೂ ಸಂಖ್ಯೆಗೂ ನಂಟು ಹೇಳುವ ಪುಸ್ತಕ ಒಂದೇ ಇರಲಿ, ಅದು ತಮ್ಮ ಬೀರುವಿನಲ್ಲಿರಲಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಎಂದೂ ಕಾಣಿಸಿಕೊಳ್ಳದಿರಲಿ. ಈಗ ಹುಡುಗರ ಫೋನಿನಲ್ಲಿರುವ ಪಟ್ಟಿಯನ್ನು ಇಂದೇ ಅಳಿಸಿಸಿ. ಹೆಂಗಸರನ್ನು ಹೆಂಗಸರೇ ಮಾತಾಡಿಸಲಿ, ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಕೇಳುವ ಮೊದಲು ಇದು ಏಕೆ, ಬೇಡವೆನ್ನಬಹುದು ಎಂಬ ಎರಡನ್ನೂ ಹೇಳಬೇಕು. ರಕ್ತ, ಮೂತ್ರದ ಮಾದರಿಯನ್ನು ತಾವಾಗಿ ತೆಗೆಯಬೇಡಿ. ಅದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಹತ್ತಿರದ ವೈದ್ಯಕೀಯ ಕಾಲೇಜಿನ ನಮ್ಮಂಥ ವಿಭಾಗವನ್ನು ಸೇರಿಸಿಕೊಂಡರೆ ಆ ದಾರಿ ತೆರೆಯುತ್ತದೆ. ಕರ್ನಾಟಕದಲ್ಲಿ ಕ್ಯಾನ್ಸರ್ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ. ತಮ್ಮ ತಾಲ್ಲೂಕಿನ ಸಂಖ್ಯೆಯನ್ನು ಹೆಸರಿಲ್ಲದೆ ಕೇಳಿ ಪಡೆಯಲು ಅದು ಆಧಾರವಾದೀತು.

ಮರಣ ನೋಂದಣಿ ಪುಸ್ತಕವನ್ನು ಮಾತ್ರ ಹೆಚ್ಚು ನಂಬಬೇಡಿ. ನಾನು ನೋಡಿದ ಪುಸ್ತಕಗಳಲ್ಲಿ ಅರ್ಧ ಊರು ‘ಹೃದಯಾಘಾತ’ದಿಂದಲೂ ಉಳಿದರ್ಧ ‘ವಯೋಸಹಜ’ವಾಗಿಯೂ ಸತ್ತಿರುತ್ತದೆ.

ಉತ್ತರ 6: ನಿವೃತ್ತ ಗಣಿತ ಮೇಷ್ಟ್ರು (ಪ್ರಶ್ನೆ ಕೇಳಿದವರು)

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಫೋನುಗಳಲ್ಲಿದ್ದ ಪಟ್ಟಿಗಳನ್ನು ಅಳಿಸಿದ್ದೇವೆ.

ಹದಿನಾಲ್ಕರಲ್ಲಿ ಒಬ್ಬರದು ಕ್ಯಾನ್ಸರೇ ಅಲ್ಲದ ಗೆಡ್ಡೆ. ಇನ್ನೊಬ್ಬರು ಇಪ್ಪತ್ತೆರಡು ವರ್ಷ ಬೆಂಗಳೂರಿನಲ್ಲಿದ್ದು ರೋಗ ತಿಳಿದ ಮೇಲೆ ಊರಿಗೆ ಬಂದವರು. ಇಬ್ಬರನ್ನೂ ಪಟ್ಟಿಯಿಂದ ತೆಗೆದೆವು. ಆದರೆ ಯಾರ ನೆನಪಿಗೂ ಬಾರದ ಒಬ್ಬ ಅಜ್ಜಿ ಸೇರಿದರು. ಊರಿನ ತುದಿಯ ಒಂಟಿ ಮನೆಯವರು, ತಾಲ್ಲೂಕು ಆಸ್ಪತ್ರೆಯ ಚೀಟಿಯನ್ನು ಪಡಿತರ ಚೀಟಿಯ ಜೊತೆ ಮಡಿಸಿಟ್ಟುಕೊಂಡಿದ್ದರು. ಹೀಗೆ ಈಗ ಹದಿಮೂರು. ಬಾಯಿ ಗಂಟಲಿನ ಐದು ಮಂದಿಯಲ್ಲಿ ನಾಲ್ವರು ಹೊಗೆಸೊಪ್ಪಿನವರು. ಊರಿನಲ್ಲಿ ಅರವತ್ತು ದಾಟಿದವರು 480, ಎಂದರೆ ಶೇಕಡಾ 23. ಇದು ರಾಜ್ಯದ ಸರಾಸರಿಯ ಸುಮಾರು ಎರಡು ಪಟ್ಟು. ವಯಸ್ಸಿನ ಲೆಕ್ಕ ಹಾಕಿದರೆ ಹದಿಮೂರು ನಾನು ಅಂದುಕೊಂಡಷ್ಟು ದೊಡ್ಡ ಸಂಖ್ಯೆಯಾಗಿ ಉಳಿಯುವುದಿಲ್ಲ. ಹುಡುಗರಲ್ಲಿ ಒಬ್ಬನಿಗೆ ಇದು ನಿರಾಸೆಯಾಗಿದೆ, ನನ್ನೊಂದಿಗೆ ಮಾತು ಕಡಿಮೆ ಮಾಡಿದ್ದಾನೆ.

ನೀರುಗಂಟಿಯ ಕತೆ ಬೇರೆಯೇ ಆಯಿತು. ಮೂವತ್ತು ವರ್ಷದಿಂದ ಗೇಟ್‌ವಾಲ್ ತಿರುಗಿಸುತ್ತಿರುವ ಆತನಿಗೆ ಪ್ರತಿ ಬೋರಿನ ಇಸವಿಯೂ ಬಾಯಿಪಾಠ. ಕೆರೆ ಪಕ್ಕದ ಬೋರನ್ನು 2009ರಲ್ಲಿ ಎರಡು ಬೀದಿಗಳಿಗೆ ಮಾತ್ರ ಜೋಡಿಸಿದ್ದು, 2016ರ ಬರದಲ್ಲಿ ಅದನ್ನು 400ರಿಂದ 850 ಅಡಿಗೆ ಇಳಿಸಿದ್ದು ಆತ ಹೇಳಿದ ಮೇಲೆ ಪಂಚಾಯತಿಯ ಕಡತದಲ್ಲೂ ಸಿಕ್ಕಿತು. ಆ ಎರಡು ಬೀದಿಗಳಲ್ಲಿ ಕ್ಯಾನ್ಸರ್ ಹೆಚ್ಚಿಲ್ಲ. ಆದರೆ ಎಮ್ಮೆ, ಹಸುಗಳು ಕಂದು ಹಾಕಿದ್ದು ಮೂರು ವರ್ಷಗಳಲ್ಲಿ ಅಲ್ಲಿ ಹನ್ನೊಂದು, ಅಷ್ಟೇ ರಾಸುಗಳಿರುವ ಮೇಲಿನ ಬೀದಿಗಳಲ್ಲಿ ಎರಡು. ಇದಕ್ಕೆ ಕಂದುರೋಗವೆಂಬ (ಬ್ರುಸೆಲ್ಲೋಸಿಸ್) ಸೋಂಕೇ ಕಾರಣವಿರಬಹುದೆಂದು ಪಶುವೈದ್ಯರು ರಕ್ತದ ಮಾದರಿ ತೆಗೆದುಕೊಂಡು ಹೋಗಿದ್ದಾರೆ. ಗಡಿನಾಡಿನವರು ದನಗಳನ್ನು ಕೇಳಿ ಎಂದು ಬರೆಯದಿದ್ದರೆ ನಾವು ಕೊಟ್ಟಿಗೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಮನವಿಯಲ್ಲಿ ಈಗ ಕ್ಯಾನ್ಸರ್ ಎಂಬ ಪದವಿಲ್ಲ. ಎರಡು ಬೀದಿಗಳಿಗೆ ಬೇರೆ ಬೋರಿನಿಂದ ನೀರು ಕೊಡಿ, ಕೆರೆ ಪಕ್ಕದ ಬೋರನ್ನು ಪರೀಕ್ಷಿಸಿ ಎಂದಷ್ಟೇ ಇದೆ. ಕಂದುರೋಗದ ವರದಿ ಇನ್ನೂ ಬಂದಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಇನ್ನು ಒಂಬತ್ತು ದಿನ ಬಾಕಿ ಇದೆ. ಶೀಷೆಗಳು ಸೋಮವಾರ ಬರುತ್ತವೆ, ಮಂಜುಗಡ್ಡೆಯನ್ನು ಸಂತೆಯ ಮೀನಿನ ಅಂಗಡಿಯವರು ಕೊಡುತ್ತೇವೆಂದಿದ್ದಾರೆ.